ಗಲ್ಫ್ ಸ್ಟೀರಿಯೋ: ದನಿ ಕೆಡುವ ಬಗೆ, ದನಿ ಉಳಿಸುವ ಬಗೆ

ಗಲ್ಫಿಗೆ ದುಡಿಯಲು ಬಂದ ಕನ್ನಡಿಗರ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ತೈಲದ ಬೆಲೆ, ವೀಸಾ, ಹಡಗು, ವಿಮಾನ, ಊರಿಗೆ ಕಳಿಸಿದ ಹಣ, ಕಟ್ಟಿಸಿದ ಮನೆ ಇವುಗಳ ಲೆಕ್ಕ ಬರೆಯುತ್ತೇವೆ. ಆ ಲೆಕ್ಕದಲ್ಲಿ ಬಿಟ್ಟುಹೋಗುವ ವಸ್ತು ಒಂದಿದೆ. ಅದು ಟೇಪ್ ರೆಕಾರ್ಡರ್. ಒಂದು ಕಾಲದಲ್ಲಿ ಕೊಲ್ಲಿಯಿಂದ ರಜೆಗೆ ಹೋದವರ ಲಗೇಜಿನಲ್ಲಿ ಸೆಂಟು, ಸೋಪು, ಬಟ್ಟೆ, ಟಾರ್ಚಿನ ಜತೆಗೆ ಹಗ್ಗ ಬಿಗಿದ ಒಂದು ಪೆಟ್ಟಿಗೆ ಇರಲೇಬೇಕಿತ್ತು. ಕುಂದಾಪುರ, ಭಟ್ಕಳ, ಉಡುಪಿ, ಮಂಗಳೂರಿನ ಕಡೆಯ ಎಷ್ಟೋ ಮನೆಗಳಲ್ಲಿ ‘ಗಲ್ಫ್ ಮನೆ’ ಎಂಬುದರ ಮೊದಲ ಗುರುತು ಅಂಗಳದ ತನಕ ಕೇಳಿಸುತ್ತಿದ್ದ ಸ್ಟೀರಿಯೋ.

ಆ ಸೆಟ್ಟುಗಳಲ್ಲಿ ಹಲವು ಇಂದೂ ಅಟ್ಟದ ಮೇಲೆ, ಕಪಾಟಿನ ತುದಿಯಲ್ಲಿ ಕುಳಿತಿವೆ. ಹಾಕಿದರೆ ಗೊರಗೊರ ಎನ್ನುತ್ತವೆ, ಒಂದು ಕಡೆಯ ಸ್ಪೀಕರ್ ಮಾತ್ರ ನುಡಿಯುತ್ತದೆ, ಹಾಡುವವರ ಗಂಟಲು ದಪ್ಪವಾಗುತ್ತದೆ. ‘ಹಳೆಯದಾಯಿತು, ಗುಜರಿಗೆ ಕೊಡಿ’ ಎನ್ನುವುದು ಸುಲಭ. ಆದರೆ ಅವುಗಳ ಜತೆಗೆ ಇಟ್ಟ ಕ್ಯಾಸೆಟ್ಟುಗಳಲ್ಲಿ ಕೆಲವು ಅಂಗಡಿಯಿಂದ ತಂದವಲ್ಲ. ಅವುಗಳಲ್ಲಿ ನಮ್ಮ ಮನೆಯವರ ದನಿ ಇದೆ. ಆದ್ದರಿಂದ ಈ ಲೇಖನದಲ್ಲಿ ಸ್ಟೀರಿಯೋ ನಡೆದು ಬಂದ ದಾರಿಯನ್ನೂ ಅದರ ದನಿ ಕೆಡುವ ಕಾರಣಗಳನ್ನೂ ಒಟ್ಟಿಗೆ ನೋಡೋಣ. ಒಂದೊಂದು ದೋಷದ ಹಿಂದೆಯೂ ಒಂದು ಚರಿತ್ರೆ ಇದೆ. ಅದು ತಿಳಿದರೆ ದೋಷ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಎರಡು ಕಿವಿಗೆ ಎರಡು ದನಿ

ಎಡಿಸನ್ 1877ರಲ್ಲಿ ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸಿದ. ಆ ಮೇಲೆ ಸುಮಾರು ಐವತ್ತು ವರ್ಷ ಯಂತ್ರದ ದನಿ ಕೇಳುತ್ತಿದ್ದುದು ಹೆಚ್ಚಾಗಿ ಕಹಳೆಯಂಥ ಬಾಯಿಯಿಂದ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಹೊಸ ಬಗೆಯ ಸ್ಪೀಕರನ್ನು ಮುಂದಿಟ್ಟರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನು. ಕರೆಂಟು ಬದಲಾದಂತೆ ಕೋನು ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಇಂದು ನಮ್ಮ ಕಾರಿನಲ್ಲಿ, ಟಿವಿಯಲ್ಲಿ ಇರುವ ಸ್ಪೀಕರ್ ಕೂಡ ಹೆಚ್ಚುಕಡಿಮೆ ಅದೇ.

ಸ್ಟೀರಿಯೋದ ಯೋಚನೆ ಬಂದದ್ದು ಸಿನಿಮಾದಿಂದ ಎಂಬ ಮಾತಿದೆ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರ್ ಪತ್ನಿಯೊಂದಿಗೆ ಚಿತ್ರ ನೋಡುವಾಗ, ನಟ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ದನಿ ನಿಂತಲ್ಲೇ ನಿಂತಿರುವುದನ್ನು ಗಮನಿಸಿದನಂತೆ. 1931ರ ಡಿಸೆಂಬರಿನಲ್ಲಿ ಅವನು ಎರಡು ದನಿಪಥಗಳ ಈ ವಿದ್ಯೆಗೆ ಪೇಟೆಂಟ್ ಅರ್ಜಿ ಹಾಕಿದ. 1942ರಲ್ಲಿ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಹೋದ. ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರ ಹೊತ್ತಿಗೆ. ಅವನು ಅದನ್ನು ನೋಡಲಿಲ್ಲ.

ಈ ಎರಡು ಸಂಗತಿಗಳನ್ನು ಸೇರಿಸಿದರೆ ಸ್ಟೀರಿಯೋದ ಅತಿ ಸಾಮಾನ್ಯವಾದ ಒಂದು ದೋಷ ಅರ್ಥವಾಗುತ್ತದೆ. ಎರಡು ಸ್ಪೀಕರುಗಳ ಕೋನುಗಳು ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗಬೇಕು. ಒಂದರ ತಂತಿ ತಿರುವುಮುರುವಾದರೆ ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಗಾಳಿಯಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ. ಚಂಡೆ, ಮದ್ದಳೆ, ತಬಲದ ಡಗ್ಗ ಸತ್ತಂತಾಗುತ್ತದೆ. ನಡುವೆ ಕೇಳಬೇಕಾದ ಹಾಡುಗಾರ ಎಲ್ಲಿದ್ದಾನೆಂದೇ ತಿಳಿಯುವುದಿಲ್ಲ. ಮನೆ ಬದಲಿಸಿದಾಗ, ಬಣ್ಣ ಬಳಿಯಲು ಪೆಟ್ಟಿಗೆ ಸರಿಸಿದಾಗ ಹೀಗಾಗುವುದೇ ಹೆಚ್ಚು. ಎರಡು ಪೆಟ್ಟಿಗೆಗಳನ್ನು ಎದುರುಬದುರಾಗಿ ಹತ್ತಿರ ಇಟ್ಟು ಕೇಳಿ. ಸೆಟ್ ಬಂದ್ ಮಾಡಿ ಒಂದರ ಕೆಂಪು ಮತ್ತು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ. ಯಾವುದರಲ್ಲಿ ತಗ್ಗಿನ ದನಿ ತುಂಬಿ ಬರುತ್ತದೋ ಅದು ಸರಿ. ಖರ್ಚು ಒಂದು ದಿರ್ಹಮ್ ಕೂಡ ಇಲ್ಲ.

ಜೇಬಿಗೆ ಹೊಂದಿದ ಟೇಪು

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ತೋರಿಸಿತು. ಅದರ ಹಿಂದಿದ್ದ ತಂಡದ ಮುಖ್ಯಸ್ಥ ಲೂ ಓಟೆನ್ಸ್ ಎಂಬ ಡಚ್ ಎಂಜಿನಿಯರ್. ಕೋಟಿನ ಜೇಬಿಗೆ ಹೊಂದುವಂಥ ಮರದ ತುಂಡೊಂದನ್ನು ಕಡಿಸಿಟ್ಟು, ‘ಯಂತ್ರ ಇಷ್ಟರೊಳಗೆ ಬರಬೇಕು’ ಎಂದು ಅವರು ಅಳತೆ ಹಾಕಿಕೊಂಡಿದ್ದರು.

ಕ್ಯಾಸೆಟ್ ಹುಟ್ಟಿದ್ದು ಸಂಗೀತಕ್ಕಲ್ಲ, ಮಾತು ಹಿಡಿದಿಡುವುದಕ್ಕೆ. ಟೇಪಿನ ಅಗಲ 3.81 ಮಿಲಿಮೀಟರ್, ಸೆಕೆಂಡಿಗೆ ಓಡುವುದು 4.76 ಸೆಂಟಿಮೀಟರ್. ಅದೇ ಕಾಲದ ಸ್ಟುಡಿಯೋ ಯಂತ್ರಗಳಲ್ಲಿ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು. ಕ್ಯಾಸೆಟ್ಟಿನ ಆ ಕಿರಿದಾದ ಪಟ್ಟಿಯಲ್ಲೇ ಎರಡು ಬದಿಗೆ ಎರಡೆರಡರಂತೆ ನಾಲ್ಕು ದನಿಪಥಗಳು. ಒಂದೊಂದಕ್ಕೆ ಸಿಕ್ಕಿದ ಜಾಗ ಸುಮಾರು 0.6 ಮಿಲಿಮೀಟರ್. ಇಷ್ಟು ಇಕ್ಕಟ್ಟಿನಲ್ಲಿ ಕೂದಲೆಳೆಯಷ್ಟು ಕೊಳೆ ಕುಳಿತರೂ, ಹೆಡ್ ಚೂರು ವಾಲಿದರೂ ಮೊದಲು ಹೋಗುವುದು ಏರುದನಿಯ ಸೂಕ್ಷ್ಮ. ‘ಸ’, ‘ಶ’ ಮಂಕಾಗುತ್ತವೆ, ತಾಳದ ಟಿಣ್ ಎನ್ನುವುದು ಟಪ್ ಎಂದಾಗುತ್ತದೆ, ಹಾಡು ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ.

ಟೇಪಿನ ಇನ್ನೊಂದು ಹುಟ್ಟುದೋಷ ‘ಸುಂಯ್’ ಎನ್ನುವ ಹಿನ್ನೆಲೆ ಸದ್ದು. ಅದನ್ನು ತಗ್ಗಿಸುವ ದಾರಿ ಕಂಡುಕೊಂಡವರು ರೇ ಡಾಲ್ಬಿ. 1963ರಿಂದ 1965ರವರೆಗೆ ಅವರು ವಿಶ್ವಸಂಸ್ಥೆಯ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲಿದ್ದರು. ಇಲ್ಲಿಂದ ಲಂಡನ್ನಿಗೆ ಹೋಗಿ 1965ರಲ್ಲಿ ತಮ್ಮ ಹೆಸರಿನ ಕಂಪನಿ ತೆರೆದರು. ಮನೆಬಳಕೆಯ ಡಾಲ್ಬಿ ಬಿ 1968ರಲ್ಲಿ ಬಂತು. ರೆಕಾರ್ಡ್ ಮಾಡುವಾಗ ಮೆಲುವಾದ ಏರುದನಿಯನ್ನು ಎತ್ತಿ ಬರೆದು, ಕೇಳಿಸುವಾಗ ಅಷ್ಟೇ ತಗ್ಗಿಸುವುದು ಅದರ ಕೆಲಸ. ತಗ್ಗಿಸುವಾಗ ಸುಂಯ್ ಕೂಡ ತಗ್ಗುತ್ತದೆ. ಆದ್ದರಿಂದ ಡಾಲ್ಬಿ ಹಾಕಿ ತುಂಬಿಸಿದ ಕ್ಯಾಸೆಟ್ಟನ್ನು ಡಾಲ್ಬಿ ಇಲ್ಲದೆ ಕೇಳಿದರೆ ಕಿವಿಗೆ ಚುಚ್ಚುತ್ತದೆ. ಡಾಲ್ಬಿ ಇಲ್ಲದೆ ತುಂಬಿಸಿದ್ದನ್ನು ಡಾಲ್ಬಿ ಒತ್ತಿ ಕೇಳಿದರೆ ಮಂಕಾಗುತ್ತದೆ. ಎಷ್ಟೋ ಮನೆಗಳಲ್ಲಿ ‘ಸೆಟ್ ಕೆಟ್ಟಿದೆ’ ಎಂದು ಮೂಲೆಗೆ ಹೋದ ಡೆಕ್ಕುಗಳಿಗೆ ಆದದ್ದು ಇಷ್ಟೇ: ಯಾರೋ ಮಗು ಒತ್ತಿದ ಆ ಗುಂಡಿಯನ್ನು ಯಾರೂ ಬಿಡಿಸಲಿಲ್ಲ.

ಕೊಲ್ಲಿಯಿಂದ ಕರಾವಳಿಗೆ

1973ರಲ್ಲಿ ತೈಲದ ಬೆಲೆ ಏರಿತು, ಕೊಲ್ಲಿಯ ದೇಶಗಳಲ್ಲಿ ಕಟ್ಟಡಗಳು ಏಳತೊಡಗಿದವು. ಮುಂಬಯಿಯ ಹೋಟೆಲು, ಬಂದರು, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹುಡುಗರಲ್ಲಿ ಅನೇಕರು ಅಲ್ಲಿಂದಲೇ ಇತ್ತ ಬಂದರು. ಕೆಲವರು ವಿಮಾನದಲ್ಲಿ, ಕೆಲವರು 1982ರವರೆಗೆ ಓಡಾಡುತ್ತಿದ್ದ ‘ದ್ವಾರಕಾ’ ಹಡಗಿನಲ್ಲಿ. ಅದೇ ವರ್ಷಗಳಲ್ಲಿ ಜಪಾನಿನ ಸೆಟ್ಟುಗಳು ಕೊಲ್ಲಿಯ ಮಾರುಕಟ್ಟೆಯನ್ನು ತುಂಬಿದವು. ಬರ್ ದುಬೈಯ ಅಲ್ ಫಾಹಿದಿ ರಸ್ತೆ, ಮನಾಮಾದ ಸೂಕ್, ಜಿದ್ದಾದ ಬಲದ್ ಎಂದರೆ ಸಂಬಳದ ದಿನದ ಸಂಜೆ ನೆನಪಾಗದ ಹಿರಿಯರು ನಮ್ಮಲ್ಲಿ ಕಡಿಮೆ. ಭಾರತದಲ್ಲಿ ಆಗ ಆಮದಿಗೆ ಕಟ್ಟುಪಾಡು, ಸುಂಕ ಎರಡೂ ಬಿಗಿ. ಇಲ್ಲಿ ಸುಲಭವಾಗಿ ಸಿಗುತ್ತಿದ್ದ ಸೆಟ್ಟು ಮುಂಬಯಿಯ ಕಸ್ಟಮ್ಸ್ ಬಾಗಿಲು ದಾಟುವಾಗ ಚಿನ್ನದಷ್ಟು ಬೆಲೆಯದಾಗುತ್ತಿತ್ತು.

ಊರಿನಲ್ಲಿ ಫೋನಿದ್ದ ಮನೆಗಳು ಬೆರಳೆಣಿಕೆಯಷ್ಟು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದರೂ ಸಿಗುತ್ತಿದ್ದುದು ಮೂರು ನಿಮಿಷದ ಕೂಗಾಟ. ಓದುಬರಹ ಬಾರದ ತಾಯಂದಿರಿಗೆ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳುವ ಸಂಕೋಚ. ಅಲ್ಲಿ ಮಾತಿಗೆಂದೇ ಹುಟ್ಟಿದ ಕ್ಯಾಸೆಟ್ ತನ್ನ ಹುಟ್ಟಿನ ಕೆಲಸ ಮಾಡಿತು. ರಜೆಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಹೋಯಿತು, ಮರಳಿ ಬರುವವರ ಕೈಯಲ್ಲಿ ಉತ್ತರ ಬಂತು. ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕನ್ನಡ ಎಲ್ಲವೂ ಆ ಕಂದು ಟೇಪಿನ ಮೇಲೆ ಪ್ರಯಾಣ ಮಾಡಿದವು. ಜತೆಗೆ ಯಕ್ಷಗಾನದ ಪ್ರಸಂಗಗಳು, ಭಜನೆ, ಸಿನಿಮಾ ಹಾಡು. 1978ರಲ್ಲಿ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳೂ ಕ್ಯಾಂಪಿನ ಕೋಣೆಗಳಿಗೆ ಬಂದವು.

ಕ್ಯಾಂಪಿನ ಕೋಣೆಯಲ್ಲಿ ಕೇಳುವುದಕ್ಕೂ ಒಂದು ಮಿತಿ ಇತ್ತು. ನೈಟ್ ಡ್ಯೂಟಿ ಮುಗಿಸಿ ಬಂದವರು ಮೇಲಿನ ಮಂಚದಲ್ಲಿ ಮಲಗಿರುವಾಗ ವಾಲ್ಯೂಮ್ ತಗ್ಗಿಸಲೇಬೇಕು. ತಗ್ಗಿಸಿದಾಗ ಹಾಡು ತೆಳುವಾಗಿ ಕೇಳುವುದು ಸೆಟ್ಟಿನ ದೋಷವಲ್ಲ. ಮೆಲ್ಲನೆಯ ಸದ್ದಿನಲ್ಲಿ ಮನುಷ್ಯನ ಕಿವಿಗೆ ತಗ್ಗಿನ ದನಿ ಕಡಿಮೆ ಕೇಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ತೋರಿಸಿದ್ದರು. ಸೆಟ್ಟುಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇದ್ದುದು ಅದಕ್ಕಾಗಿಯೇ. ಅದನ್ನು ಒತ್ತಿ ವಾಲ್ಯೂಮನ್ನು ಪೂರ್ತಿ ಏರಿಸಿದರೆ ಮಾತ್ರ ಸ್ಪೀಕರ್ ಗೊಗ್ಗರಾಗುತ್ತದೆ.

ಎರಡು ಬಗೆಯ ಕರೆಂಟು

ಊರಿಗೆ ಮುಟ್ಟಿದ ಸೆಟ್ಟಿನ ಮೊದಲ ಶತ್ರು ಗೋಡೆಯ ಪ್ಲಗ್ಗು. ಯುಎಇ, ಕುವೈತ್, ಕತಾರ್, ಬಹರೈನ್, ಒಮಾನ್‌ಗಳಲ್ಲಿ ಕರೆಂಟು ನಮ್ಮ ಊರಿನಂತೆಯೇ 220ರಿಂದ 240 ವೋಲ್ಟ್, 50 ಹರ್ಟ್ಸ್. ಸೌದಿ ಅರೇಬಿಯಾದಲ್ಲಿ ಹಾಗಲ್ಲ. ಅಲ್ಲಿನ ಮನೆಗಳಲ್ಲಿ ಬಹುಕಾಲ 127 ವೋಲ್ಟ್, 60 ಹರ್ಟ್ಸ್ ಇತ್ತು. 230 ವೋಲ್ಟಿಗೆ ಹಂತಹಂತವಾಗಿ ಬದಲಿಸುವ ತೀರ್ಮಾನ ಆದದ್ದು 2010ರಲ್ಲಿ. 60 ಹರ್ಟ್ಸ್ ಹಾಗೆಯೇ ಉಳಿದಿದೆ.

ಸೌದಿಯಿಂದ ಬಂದ ಸೆಟ್ಟನ್ನು ಹಿಂಬದಿಯ ವೋಲ್ಟೇಜ್ ಗುಂಡಿ ನೋಡದೆ ಊರಿನ ಪ್ಲಗ್ಗಿಗೆ ಸಿಕ್ಕಿಸಿದರೆ ಮೊದಲ ದಿನವೇ ಹೊಗೆ. ಬುದ್ಧಿವಂತರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ನೇರ ಎಸಿ ಮೋಟಾರಿನಿಂದ ತಿರುಗುವ ರೆಕಾರ್ಡ್ ಪ್ಲೇಯರ್ 60ಕ್ಕೆ ಹೊಂದಿದ್ದರೆ 50ರಲ್ಲಿ ಆರನೆಯ ಒಂದು ಪಾಲಿನಷ್ಟು ನಿಧಾನವಾಗಿ ತಿರುಗುತ್ತದೆ. ಹೆಣ್ಣುದನಿ ಗಂಡುದನಿಯತ್ತ ಜಾರುತ್ತದೆ. ಇದಕ್ಕೆ ಮೋಟಾರಿನ ಪುಲ್ಲಿ ಬದಲಿಸಬೇಕು, ಬೇರೆ ಮದ್ದಿಲ್ಲ. ಕ್ಯಾಸೆಟ್ ಸೆಟ್ಟುಗಳಲ್ಲಿ ಇದ್ದುದು ಹೆಚ್ಚಾಗಿ ಡಿಸಿ ಮೋಟಾರು. ಅವುಗಳಿಗೆ ಈ ತೊಂದರೆ ಇಲ್ಲ. ಅವುಗಳಲ್ಲಿ ದನಿ ಎಳೆದಂತಾದರೆ ಬ್ಯಾಟರಿ ಇಳಿದಿರಬೇಕು, ಬೆಲ್ಟ್ ಸಡಿಲವಾಗಿರಬೇಕು ಅಥವಾ ಟೇಪು ಒಳಗೇ ಬಿಗಿದಿರಬೇಕು.

ಊರಿನ ಸಂಜೆಯ ಲೋ ವೋಲ್ಟೇಜ್ ಇನ್ನೊಂದು ಕಾಟ. ಬಲ್ಬು ಕೆಂಪಗಾಗುವ ಹೊತ್ತಿಗೆ ಸೆಟ್ಟಿನ ಆಂಪ್ಲಿಫೈಯರಿಗೂ ಉಸಿರು ಸಾಲುವುದಿಲ್ಲ. ದನಿಯ ಅಲೆಯ ನೆತ್ತಿ ಕತ್ತರಿಸಿ ಹೋಗಿ ಹಾಡು ಒಡೆದು ಕೇಳುತ್ತದೆ. ಸಂಜೆ ಮಾತ್ರ ಒಡೆಯುವ ದನಿ ಬೆಳಗ್ಗೆ ಸರಿ ಇದ್ದರೆ ಸೆಟ್ಟನ್ನು ಬಿಚ್ಚಬೇಡಿ, ಲೈನು ನೋಡಿಸಿ.

ಸ್ಟಿಕ್ಕರಿನ ವ್ಯಾಟು

ಸೆಟ್ಟು ಕೊಳ್ಳುವಾಗ ನಮ್ಮವರು ನೋಡುತ್ತಿದ್ದುದು ಮುಂಭಾಗದ ಹೊಳೆಯುವ ಸ್ಟಿಕ್ಕರ್. ಅಮೆರಿಕದಲ್ಲಿ 1974ರಲ್ಲೇ ಆಂಪ್ಲಿಫೈಯರಿನ ವ್ಯಾಟನ್ನು ಹೇಗೆ ಅಳೆದು ಜಾಹೀರು ಮಾಡಬೇಕೆಂಬ ನಿಯಮ ಬಂದಿತ್ತು. ನಮ್ಮ ಮಾರುಕಟ್ಟೆಗಳಲ್ಲಿ ಮಾತ್ರ ‘ಪಿಎಂಪಿಒ’ ಎಂಬ ನಾಲ್ಕಕ್ಷರದ ಮುಂದೆ ಸಾವಿರಾರು ವ್ಯಾಟು ಬರೆದು ಮಾರಿದರು. ಅದಕ್ಕೆ ಒಪ್ಪಿತವಾದ ಅಳತೆಯೇ ಇರಲಿಲ್ಲ. ಸೆಟ್ಟಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಅದು ಎಷ್ಟು ವ್ಯಾಟು ಕರೆಂಟು ಎಳೆಯುತ್ತದೆ ಎಂದು ಬರೆದಿರುತ್ತದೆ. ಗೋಡೆಯಿಂದ 60 ವ್ಯಾಟು ಎಳೆಯುವ ಸೆಟ್ಟು ಸ್ಪೀಕರಿಗೆ ಸಾವಿರ ವ್ಯಾಟನ್ನು ಬಿಡದೆ ಕೊಡಲಾರದು. ಈ ಬೆನ್ನು ಓದುವ ಅಭ್ಯಾಸ ಇಂದು ಬ್ಲೂಟೂತ್ ಸ್ಪೀಕರ್ ಕೊಳ್ಳುವವರಿಗೂ ಉಪಯೋಗ. ಮದುವೆ ಮನೆಯಲ್ಲಿ ಸ್ಟಿಕ್ಕರ್ ನಂಬಿ ಪೂರ್ತಿ ಏರಿಸಿ ಸ್ಪೀಕರಿನ ಸುರುಳಿ ಸುಟ್ಟುಕೊಂಡ ಸೆಟ್ಟುಗಳಿಗೆ ಲೆಕ್ಕವಿಲ್ಲ.

ಧೂಳು, ಉಪ್ಪುಗಾಳಿ, ಮಳೆಗಾಲ

ಕೊಲ್ಲಿಯ ನುಣ್ಣನೆಯ ಧೂಳಿನಲ್ಲಿ ಕೆಲವು ವರ್ಷ, ಕರಾವಳಿಯ ಉಪ್ಪುಗಾಳಿಯಲ್ಲಿ ಹಲವು ವರ್ಷ: ನಮ್ಮ ಸೆಟ್ಟುಗಳು ಎರಡನ್ನೂ ಕಂಡಿವೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಅದರೊಳಗಿನ ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಒಂದು ಕಡೆಯ ದನಿ ಬಂದು ಹೋಗಿ ಮಾಡಿದರೆ ತಂತಿ ಸಿಕ್ಕಿಸುವ ಜಾಗದಲ್ಲಿ ಕಿಲುಬು ಹಿಡಿದಿರುತ್ತದೆ, ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ. ಸ್ಪೀಕರಿನ ಕೋನಿನ ಸುತ್ತ ಸ್ಪಂಜಿನ ಅಂಚು ಇದ್ದರೆ ತೇವದ ಹವೆಯಲ್ಲಿ ಅದು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಜಾಲರಿ ತೆಗೆದು ನೋಡಿದರೆ ಕಣ್ಣಿಗೇ ಕಾಣುತ್ತದೆ. ಅಂಚು ಮಾತ್ರ ಬದಲಿಸಬಹುದು, ಸ್ಪೀಕರ್ ಬಿಸಾಡಬೇಕಿಲ್ಲ.

ರಿಪೇರಿ ಅಂಗಡಿಯ ವಿದ್ಯೆ

ನಮ್ಮ ಪೇಟೆಗಳ ಬಸ್ ಸ್ಟ್ಯಾಂಡಿನ ಪಕ್ಕ ಇರುತ್ತಿದ್ದ ರೇಡಿಯೋ ರಿಪೇರಿ ಅಂಗಡಿಯವರಲ್ಲಿ ಅನೇಕರ ಬಳಿ ಈ ಜಪಾನೀ ಸೆಟ್ಟುಗಳ ನಕ್ಷೆ ಇರಲಿಲ್ಲ, ಬಿಡಿಭಾಗವೂ ಇರಲಿಲ್ಲ. ಆದರೂ ದುರಸ್ತಿ ಮಾಡಿದರು. ಅವರ ಬಂಡವಾಳ ಒಂದು ಕ್ರಮ: ದನಿ ಹೊರಡುವ ಕಡೆಯಿಂದ ಹೊರಬರುವ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ನಡೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಅದನ್ನು ನಾವೂ ಮಾಡಬಹುದು.

ಮೊದಲು ಕ್ಯಾಸೆಟ್ ಬಿಟ್ಟು ರೇಡಿಯೋ ಹಾಕಿ. ರೇಡಿಯೋ ಸ್ವಚ್ಛವಾಗಿದ್ದು ಕ್ಯಾಸೆಟ್ ಮಾತ್ರ ಕೆಟ್ಟಿದ್ದರೆ ದೋಷ ಹೆಡ್ಡು, ಬೆಲ್ಟು, ಟೇಪಿನಲ್ಲಿ. ಎರಡೂ ಕೆಟ್ಟಿದ್ದರೆ ಆಂಪ್ಲಿಫೈಯರ್ ಇಲ್ಲವೇ ಸ್ಪೀಕರಿನಲ್ಲಿ. ಆಗ ಸೆಟ್ ಬಂದ್ ಮಾಡಿ ಎಡ ಬಲ ಸ್ಪೀಕರುಗಳ ತಂತಿಯನ್ನು ಅದಲುಬದಲು ಮಾಡಿ. ಕೆಟ್ಟ ದನಿ ಅದೇ ಪೆಟ್ಟಿಗೆಯಲ್ಲಿ ಉಳಿದರೆ ಪೆಟ್ಟಿಗೆಯೋ ಅದರ ತಂತಿಯೋ ಕೆಟ್ಟಿದೆ. ಇನ್ನೊಂದು ಪೆಟ್ಟಿಗೆಗೆ ಹೋದರೆ ತೊಂದರೆ ಸೆಟ್ಟಿನೊಳಗೆ. ‘ಗುಂಯ್’ ಎನ್ನುವ ಸದ್ದು ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗದಿದ್ದರೆ ಒಳಗಿನ ದೊಡ್ಡ ಕೆಪಾಸಿಟರುಗಳು ಒಣಗಿರಬಹುದು. ವಾಲ್ಯೂಮಿನ ಜತೆ ಏರಿಳಿದರೆ ಹೊರಗಿನ ತಂತಿ, ಅರ್ತಿಂಗ್ ನೋಡಬೇಕು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಮುಚ್ಚಳದೊಳಗಿನ ಕೆಲಸವನ್ನು ಬಲ್ಲವರಿಗೇ ಬಿಡಿ.

ಹೆಡ್ಡಿನ ಶುದ್ಧಿ ಮಾತ್ರ ಎಲ್ಲರೂ ಮಾಡಬಹುದಾದದ್ದು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹೆಡ್ಡನ್ನೂ ಅದರ ಪಕ್ಕದ ಲೋಹದ ಕಡ್ಡಿಯನ್ನೂ ಒರೆಸಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಅದು ಹಳೆಯ ಟೇಪುಗಳಿಂದ ಉದುರಿದ ಪುಡಿ. ರಬ್ಬರ್ ಉರುಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮಂಕಾಗಿದ್ದ ಸೆಟ್ಟುಗಳಲ್ಲಿ ಬಹಳಷ್ಟು ಇಷ್ಟಕ್ಕೇ ಬಾಯಿ ಬಿಡುತ್ತವೆ.

ಕ್ಯಾಸೆಟ್ಟಿನಲ್ಲಿ ಉಳಿದವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. 1980ರ ದಶಕದಲ್ಲಿ ಅಮ್ಮನೋ ಅಜ್ಜಿಯೋ ಸೆಟ್ಟಿನ ಮುಂದೆ ಕುಳಿತು ‘ಮಗಾ, ಉಂಡೆಯಾ’ ಎಂದು ಕೇಳಿದ್ದರೆ ಅದು ಸಿಗುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ.

ಅದನ್ನು ಕೇಳುವ ಮೊದಲು ಕೆಲವು ಎಚ್ಚರಿಕೆ ಬೇಕು. ಹಿಂಬದಿಯ ಅಂಚಿನ ಪ್ಲಾಸ್ಟಿಕ್ ಕಿವಿಗಳು ಇನ್ನೂ ಇದ್ದರೆ ಮುರಿದುಬಿಡಿ. ಆ ಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೆಯೇ ಹಾಕಬೇಡಿ. ಅದು ಹೆಡ್ಡಿಗೆ ಅಂಟಿ ಮುಂದಿನ ಟೇಪುಗಳಿಗೂ ಹರಡುತ್ತದೆ. ನಡುವಿನ ಪುಟ್ಟ ಸ್ಪಂಜಿನ ದಿಂಬು ಉದುರಿದ್ದರೆ ದನಿ ಕ್ಷೀಣವಾಗುತ್ತದೆ; ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಬಹುದು. ಸಿ-120 ಕ್ಯಾಸೆಟ್ಟಿನ ಟೇಪು ಬಹಳ ತೆಳು. ಅದನ್ನು ವೇಗವಾಗಿ ಹಿಂದೆ ಮುಂದೆ ಓಡಿಸಬೇಡಿ.

ಹೆಡ್ಡು ವಾಲಿದರೆ ದನಿ ಮಂಕಾಗುತ್ತದೆ ಎಂದೆವು. ಅದೇ ನಿಯಮ ಇಲ್ಲಿ ಉಪಕಾರಕ್ಕೂ ಬರುತ್ತದೆ. ಒಂದು ಸೆಟ್ಟಿನ ಹೆಡ್ ಕೊಂಚ ವಾಲಿದ್ದರೆ ಅದು ತುಂಬಿಸಿದ ದನಿಯೂ ಅದೇ ವಾಲಿಕೆಯಲ್ಲಿ ಬರೆದಿರುತ್ತದೆ. ಹೊಸ ಪ್ಲೇಯರಿನಲ್ಲಿ ಅದು ಮಂಕು, ಹಳೆಯ ಸೆಟ್ಟಿನಲ್ಲೇ ಸ್ಪಷ್ಟ. ಹಾಗಾಗಿ ಕ್ಯಾಸೆಟ್ ತುಂಬಿಸಿದ ಸೆಟ್ಟು ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಅದನ್ನೇ ದುರಸ್ತಿ ಮಾಡಿಸಿ ನೋಡಿ. ಅದು ಸಿಗದಿದ್ದರೆ ಬೇರೆ ಪ್ಲೇಯರಿನ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು, ಟೇಪು ಓಡುತ್ತಿರುವಾಗಲೇ, ‘ಸ’ಕಾರ ಸ್ಪಷ್ಟವಾಗುವವರೆಗೆ ಚೂರು ಚೂರೇ ತಿರುಗಿಸಬೇಕು.

ಈ ಕ್ಯಾಸೆಟ್ಟುಗಳಲ್ಲಿ ಮಾತು ನಿಂತಾಗಲೆಲ್ಲ ಹಿನ್ನೆಲೆ ಸದ್ದು ಏರಿ ಬರುವುದನ್ನು ಕೆಲವರು ದೋಷವೆಂದು ತಿಳಿಯುತ್ತಾರೆ. ಆ ಸೆಟ್ಟುಗಳಲ್ಲಿ ದನಿಯ ಮಟ್ಟವನ್ನು ತಾನೇ ಸರಿಪಡಿಸುವ ವ್ಯವಸ್ಥೆ ಇತ್ತು. ಮಾತನಾಡುವವರು ಸುಮ್ಮನಾದರೆ ಸೆಟ್ಟು ಕಿವಿಯನ್ನು ಇನ್ನಷ್ಟು ತೆರೆಯುತ್ತಿತ್ತು. ಹಾಗಾಗಿ ಮಾಡಿನ ಮೇಲಿನ ಮಳೆ, ಅಂಗಳದ ಕೋಳಿ, ಬಾಗಿಲಲ್ಲಿ ಕರೆದ ನೆರೆಯವರು ಎಲ್ಲವೂ ಟೇಪಿಗೆ ಬಂದವು. ಕಂಪ್ಯೂಟರಿಗೆ ಹಾಕಿದ ಮೇಲೆ ‘ಕ್ಲೀನ್’ ಮಾಡುವ ಆತುರದಲ್ಲಿ ಅದನ್ನು ಅಳಿಸಬೇಡಿ. ಆ ಮನೆ ಈಗ ಹಾಗಿಲ್ಲ, ಆ ಮಾಡೂ ಇಲ್ಲ.

ಕೆಲಸ ದೊಡ್ಡದಲ್ಲ. ಸೆಟ್ಟಿನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಮೊದಲ ಸಲಕ್ಕೇ ಪೂರ್ತಿ ಓಡಿಸಿ ‘ವೇವ್’ ಫೈಲಾಗಿ ಉಳಿಸಿ. ಹಳೆಯ ಟೇಪು ಎರಡನೆಯ ಸಲ ಓಡುತ್ತದೆಂಬ ಭರವಸೆ ಇಲ್ಲ. ಯಾರ ದನಿ, ಯಾವ ವರ್ಷ, ಯಾರಿಗೆ ಕಳಿಸಿದ್ದು ಎಂದು ಬರೆದಿಡಿ. ಒಂದು ಪ್ರತಿ ಊರಿನಲ್ಲಿ, ಒಂದು ಇಲ್ಲಿ ಇರಲಿ.

ಈ ಸಲ ರಜೆಗೆ ಹೋಗುವ ನಮ್ಮ ಸದಸ್ಯರಲ್ಲಿ ಕೇಳಿಕೊಳ್ಳುವುದಿಷ್ಟೇ. ಮಳೆಗಾಲಕ್ಕೆ ಮೊದಲು ಅಟ್ಟದಿಂದ ಆ ಪೆಟ್ಟಿಗೆ ಇಳಿಸಿ, ಕ್ಯಾಸೆಟ್ಟಿನ ಮೇಲಿನ ಕೈಬರಹ ಓದಿ. ಹಾಡಿನ ಹೆಸರಿಲ್ಲದೆ ಬರೀ ಒಬ್ಬರ ಹೆಸರು, ಒಂದು ತಾರೀಕು ಇರುವುದನ್ನು ಬೇರೆ ಎತ್ತಿಡಿ. ಮೊದಲು ಉಳಿಸಬೇಕಾದದ್ದು ಅವನ್ನು.